ಪೀಪಾಯಿ ಬೀಳದ ಕುರ್ಚಿ

ಎದುರುಮನೆಯ ಟೈಲರ್ ಕುರ್ಚಿಯ ಎರಡೂ ಕೈಗಳನ್ನು ಹಿಡಿದು ಒಮ್ಮೆ ಅಲ್ಲಾಡಿಸಿದ, ಸೀಟನ್ನು ಅಂಗೈಯಿಂದ ಒತ್ತಿ ನೋಡಿದ, ಆಮೇಲೆ ಮುಖವನ್ನು ಮತ್ತೆ ಅಳುವ ಹದಕ್ಕೆ ತಂದುಕೊಂಡು ಮೆಲ್ಲಗೆ ಕೂತ. ಅವನ ಹಿಂದೆ ಬಂದ ಹೆಂಡತಿಯೂ ಹಾಗೆಯೇ ಮಾಡಿದಳು. ಅವಳ ಹಿಂದೆ ಬಂದ ಅಂಚೆಯವನೂ ಹಾಗೆಯೇ ಮಾಡಿದ. ಮನೆಯ ಯಜಮಾನ ಎದುರಿಗೇ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಇನ್ನು ಯಾರ ಮೇಲೂ ಯಾವ ಕೀಟಲೆಯನ್ನೂ ಮಾಡುವಂತಿರಲಿಲ್ಲ. ಆದರೂ ಆ ಮನೆಯಲ್ಲಿ ಒತ್ತಿ ನೋಡದೆ ಕೂರುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಸತ್ತವನು ಬಡಗಿ. ಸಿನಿಮಾ ಸ್ಟುಡಿಯೋದಲ್ಲಿ ಹದಿನಾರು ವರ್ಷ ಅವನು ಮಾಡಿದ್ದು ಮುರಿಯುವ ಕುರ್ಚಿಗಳನ್ನು. ಹಳೆಯ ಹಾಸ್ಯಚಿತ್ರಗಳಲ್ಲಿ ಯಾರಾದರೂ ಠೀವಿಯಿಂದ ಬಂದು ಕೂತು, ಕಾಲು ಮೇಲಾಗಿ ದೊಪ್ಪೆಂದು ಬಿದ್ದು, ಥಿಯೇಟರಿನಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರೆ ಆ ನಗುವಿನಲ್ಲಿ ಅರ್ಧ ಇವನದು. ಬಿದ್ದವನ ಹೆಸರು ಪರದೆಯ ಮೇಲೆ ಬರುತ್ತಿತ್ತು, ಇವನದು ಬರುತ್ತಿರಲಿಲ್ಲ. ಸ್ಟುಡಿಯೋದವರು ಇವನನ್ನು ಮುರುಕು ಮೇಸ್ತ್ರಿ ಎಂದು ಕರೆದರು, ಬೀದಿಯವರೂ ಅದನ್ನೇ ಹಿಡಿದುಕೊಂಡರು. ಅವನು ತನ್ನ ಮನೆಯಲ್ಲಿ ಒಬ್ಬರನ್ನಾದರೂ ಬೀಳಿಸಿದ ಉದಾಹರಣೆ ಇಲ್ಲ. ಹೆಸರು ಒಂದು ಸಲ ಅಂಟಿಕೊಂಡ ಮೇಲೆ ಉದಾಹರಣೆ ಯಾರು ಕೇಳುತ್ತಾರೆ?

ಮುಂಭಾಗದ ಕೋಣೆಯಲ್ಲಿ ಅವನೇ ಮಾಡಿದ ಐದು ಕುರ್ಚಿಗಳಿದ್ದವು, ಆನೆ ಕೂತರೂ ಜಗ್ಗದಂಥವು. ಆರನೆಯದು ಕಿಟಕಿಯ ಪಕ್ಕದ ಮೂಲೆಯಲ್ಲಿತ್ತು. ಕೆಂಪು ಬಣ್ಣ, ಬೆನ್ನಿಗೆ ಹಳದಿ ಹೂವು, ಒಂದು ಕೈಯಿಂದ ಇನ್ನೊಂದು ಕೈಗೆ ಅಡ್ಡಲಾಗಿ ಕಟ್ಟಿದ ಹುರಿ. "ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ, ಅದೊಂದು ಬೇಡ. ಅದು ಬೀಳಿಸೋ ಕುರ್ಚಿ" ಎಂದು ಮೇಸ್ತ್ರಿ ಬಂದವರಿಗೆಲ್ಲ ಹೇಳುತ್ತಿದ್ದ. ಮೂವತ್ತೆಂಟು ವರ್ಷಗಳಿಂದ ಅದರ ಮೇಲೆ ದಿನಪತ್ರಿಕೆಯ ಹೊರತು ಯಾರೂ ಕೂತಿರಲಿಲ್ಲ.

ಕುರ್ಚಿಯನ್ನು ಒತ್ತಿ ನೋಡುವ ಗೋಜಿಗೇ ಹೋಗದಿದ್ದವನು ಒಬ್ಬನೇ, ಮೇಸ್ತ್ರಿಯ ಅಣ್ಣ. ಎಂಬತ್ತೊಂದು ವರ್ಷದ ಮುದುಕ. ಅವನೂ ಬಡಗಿಯೇ, ಅಂಗಡಿಯಿಂದ ನೇರ ಬಂದದ್ದರಿಂದ ಕಿವಿಯ ಮೇಲಿನ ಪೆನ್ಸಿಲ್ ಅಲ್ಲೇ ಉಳಿದಿತ್ತು, ಅದನ್ನು ತೆಗೆಯಿರಿ ಎಂದು ಹೇಳಲು ಯಾರಿಗೂ ಬಾಯಿ ಬಂದಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಬಂದವನು ತಮ್ಮನ ಕಾಲ ಬಳಿ ಗೋಡೆಗೆ ಒಂದು ಕೈ ಕೊಟ್ಟು ನಿಂತಿದ್ದ. ಈಗ ಹತ್ತೂಕಾಲು. ಹನ್ನೊಂದಕ್ಕೆ ಸ್ಮಶಾನದ ಗಾಡಿ.

ಮಗಳು ಚಹಾದ ತಟ್ಟೆ ಹಿಡಿದು ಅಡುಗೆಮನೆಗೆ ಹೋದಳು. ತಾಯಿ ಅಲ್ಲಿ ಸುಮ್ಮನೆ ಒಲೆಯ ಮುಂದೆ ನಿಂತಿದ್ದಳು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

"ಅಮ್ಮ, ದೊಡ್ಡಪ್ಪನ ಮಂಡಿ ನಡುಗ್ತಿದೆ. ಟೈಲರ್ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತರ್ಲಾ? ಅದನ್ನ ಅಪ್ಪ ಮಾಡಿಲ್ವಲ್ಲ, ಕೂತ್ಕೋತಾರೆ."

"ಬೇಡ."

"ಅವರು ಬಿದ್ರೆ ಪ್ಲಾಸ್ಟರ್ ಹಾಕೋಳು ನಾನು. ಈ ವಯಸ್ಸಲ್ಲಿ ಸೊಂಟ ಮುರಿದ್ರೆ ಕೂಡಲ್ಲ ಅಮ್ಮ."

ಮಗಳು ಮೂಳೆ ಆಸ್ಪತ್ರೆಯಲ್ಲಿ ನರ್ಸ್. ಅಪ್ಪ ಬೀಳಿಸ್ತಾನೆ, ಮಗಳು ಕಟ್ತಾಳೆ ಎಂಬುದು ಬೀದಿಯ ಹಳೆಯ ಹಾಸ್ಯ.

"ಬೇಡ ಅಂದ್ನಲ್ಲ" ಎಂದಳು ತಾಯಿ. "ಇವತ್ತು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತುಬಿಟ್ರೆ ಅಲ್ಲಿಗೆ ಮುಗೀತು. ಹೋದ ವಾರ ನಾನು ಔಷಧಿ ತಗೊಂಡು ಬಂದಾಗ ನಿಮ್ಮಪ್ಪ ಕಣ್ಣು ಬಿಟ್ಟು ಕೇಳಿದ್ರು, 'ಅಣ್ಣ ಕೂತ್ನಾ?' ಅಂತ. ಬಂದಿದ್ನಾ ಅಂತ ಕೇಳ್ಲಿಲ್ಲ. ಬರ್ತಾರೆ ಅಂತ ಗೊತ್ತಿತ್ತು. ಕೂತ್ನಾ ಅಂತ ಕೇಳಿದ್ರು."

"ನೀನೇನಂದೆ?"

"ಹೂಂ ಅಂದೆ. ನಾನು ಸುಳ್ಳು ಹೇಳಿದ್ರೆ ಅವರಿಗೆ ಯಾವಾಗ್ಲೂ ಗೊತ್ತಾಗತ್ತೆ." ತಾಯಿ ಒಲೆ ಆರಿಸಿದಳು. "ಗಾಡಿ ಹೊರಡೋದ್ರೊಳಗೆ ಒಂದ್ಸಲ ಅವರು ಕೂರ್ಬೇಕು. ನಿಮ್ಮಪ್ಪ ಮಾಡಿದ್ದರ ಮೇಲೆ. ನಂಗಿನ್ನೇನೂ ಬೇಡ."

*

ಅಣ್ಣತಮ್ಮಂದಿರ ತಂದೆಯದು ಮರದ ಸಾಮಾನಿನ ಅಂಗಡಿ. ಅಲ್ಲಿ ಕುರ್ಚಿ ಮಾರಾಟಕ್ಕೆ ಹೋಗುವ ಮುಂಚೆ ಒಂದು ಪರೀಕ್ಷೆ ಇತ್ತು. ಮಾಡಿದವನೇ ಅದರ ಮೇಲೆ ಕೂತು ಎರಡೂ ಪಾದಗಳನ್ನು ನೆಲದಿಂದ ಮೇಲೆತ್ತಬೇಕು. "ಕಾಲೂರಿ ಕೂತವನು ಅರ್ಧ ಭಾರ ನೆಲಕ್ಕೆ ಕೊಟ್ಟಿರ್ತಾನೆ. ನಂಬಿಕೆ ಇದ್ರೆ ಕಾಲೆತ್ತು" ಎನ್ನುತ್ತಿದ್ದ ತಂದೆ. ಅಣ್ಣ ತಮ್ಮ ಇಬ್ಬರೂ ಚಿಕ್ಕಂದಿನಿಂದ ಕಾಲೆತ್ತಿ ಕಾಲೆತ್ತಿಯೇ ಕೆಲಸ ಕಲಿತರು.

ತಂದೆಗೆ ಒಂದು ವಿಶೇಷ ಜೋಡಣೆ ಗೊತ್ತಿತ್ತು, ಒಳಬೆಣೆ. ಕಾಲಿನ ತುದಿಯನ್ನು ಸ್ವಲ್ಪ ಸೀಳಿ, ಸೀಳಿನ ಬಾಯಿಗೆ ಪುಟ್ಟ ಬೆಣೆ ಇಟ್ಟು, ಆಚೆ ಬದಿಗೆ ತೆರೆಯದ ಕುರುಡು ತೂತಿನೊಳಕ್ಕೆ ಬಡಿಯುವುದು. ಬೆಣೆ ತೂತಿನ ತಳಕ್ಕೆ ತಾಗಿ ಕಾಲಿನ ತುದಿಯನ್ನು ಒಳಗೇ ಅಗಲಿಸುತ್ತದೆ. ಹೊರಗೆ ಆಣಿಯಿಲ್ಲ, ಗುರುತಿಲ್ಲ. ಒಮ್ಮೆ ಹೊಕ್ಕರೆ ಮುಗಿಯಿತು, ಬಿಚ್ಚಬೇಕಾದರೆ ಮರವನ್ನೇ ಸೀಳಬೇಕು. ಇದನ್ನು ಅವನು ಮಕ್ಕಳಿಬ್ಬರಿಗೇ ಕಲಿಸಿದ, ಅಂಗಡಿಯ ಬೇರೆ ಯಾರಿಗೂ ತೋರಿಸಲಿಲ್ಲ.

ತಮ್ಮನಿಗೆ ಇಪ್ಪತ್ತೆರಡು ವರ್ಷವಾದಾಗ ಸ್ಟುಡಿಯೋದವರು ಅಂಗಡಿಗೆ ಬಂದು ಒಂದು ವಿಚಿತ್ರ ಕೆಲಸ ಹೇಳಿದರು, ಕೂತ ತಕ್ಷಣ ಮುರಿಯುವ ಕುರ್ಚಿ ಬೇಕು. ಅಣ್ಣ ಅವರನ್ನು ಹೊರಕ್ಕೆ ಕಳಿಸಿದ. ತಮ್ಮ ಅವರ ಹಿಂದೆಯೇ ಹೋದ.

"ಮುರಿಯೋದನ್ನ ಮಾಡಿ ಮಾಡಿ ಕೈ ಕೆಡತ್ತೆ ಕಣೋ. ಆಮೇಲೆ ಗಟ್ಟಿ ಮಾಡ್ತೀನಿ ಅಂದ್ರೂ ಕೈ ಕೇಳಲ್ಲ" ಎಂದು ಅಣ್ಣ ಕೂಗಾಡಿದ. "ಹೋಗು. ಇನ್ಮೇಲೆ ನೀನು ಮಾಡಿದ ಕುರ್ಚಿ ಮೇಲೆ ನಾನು ಕೂತ್ರೆ ಕೇಳು."

ಅಂಗಡಿಯ ಆಳುಗಳೆಲ್ಲರ ಮುಂದೆ ಆಡಿದ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣ್ಣನೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಹಾಗೆಂದು ಅವನು ಬರುವುದನ್ನು ನಿಲ್ಲಿಸಲಿಲ್ಲ. ತಮ್ಮನ ಮದುವೆಗೆ ಬಂದ, ಮಗು ಹುಟ್ಟಿದಾಗ ತೊಟ್ಟಿಲು ಹೊತ್ತು ತಂದ, ಕಾಯಿಲೆಗೆ ಬಂದ, ವಾರಕ್ಕೊಮ್ಮೆ ಸುಮ್ಮನೆ ಮಾತಾಡಲೂ ಬಂದ. ಬಂದವನು ನಿಂತೇ ಚಹಾ ಕುಡಿದ, ನಿಂತೇ ಊಟ ಮಾಡಿದ, ನಿಂತೇ ತಮ್ಮನ ಜೊತೆ ಜಗಳವಾಡಿ ನಿಂತೇ ರಾಜಿಯಾದ. ಐವತ್ತನಾಲ್ಕು ವರ್ಷ.

*

ಅಂಚೆಯವನ ಪಕ್ಕದ ಕುರ್ಚಿಯಲ್ಲಿ ಸ್ಟುಡಿಯೋದ ಹಳೆಯ ಲೈಟಿನವನು ಕೂತಿದ್ದ. ದಪ್ಪ ಕನ್ನಡಕ, ಬಲಗೈಯ ಎರಡು ಬೆರಳಿನ ಮೇಲೆ ಹಳೆಯ ಸುಟ್ಟ ಗುರುತು. ಮೇಸ್ತ್ರಿಯ ಕಾಲದವರಲ್ಲಿ ಉಳಿದಿರುವವನು ಇವನೊಬ್ಬನೇ.

"ಮುರಿಯೋ ಕುರ್ಚಿ ಅಂದ್ರೆ ಹುಡುಗಾಟ ಅಂದ್ಕೊಂಡಿದ್ದೀರಾ?" ಎಂದು ಅವನು ಟೈಲರ್‌ಗೆ ಹೇಳುತ್ತಿದ್ದ. "ಕಾಲನ್ನ ಮುಕ್ಕಾಲು ಪಾಲು ಕೊಯ್ಯೋದು. ಸೀಳಿಗೆ ಮೇಣ, ಮರದ ಹೊಟ್ಟು ತುಂಬಿ ಬಣ್ಣ ಬಳಿಯೋದು. ಬಂದು ಕೂತ್ರೆ ಮುರೀಬಾರ್ದು, ಎಡಕ್ಕೆ ವಾಲಿದ್ರೆ ಮಾತ್ರ ಮುರೀಬೇಕು. ಚೂರೆಲ್ಲ ಹೊರಗಡೆಗೇ ಹಾರಬೇಕು, ಬಿದ್ದವನಿಗೆ ಚುಚ್ಚಬಾರ್ದು. ಹದಿನಾರು ವರ್ಷದಲ್ಲಿ ಒಬ್ಬ ನಟನಿಗೂ ಒಂದು ಗೀರು ಆಗ್ಲಿಲ್ಲ. ಒಂದು ಕುರ್ಚಿ ಕೊಡೋಕೆ ಮುಂಚೆ ನಾಲ್ಕು ಕುರ್ಚಿ ಮಾಡಿ ತಾನೇ ಕೂತು ಬೀಳ್ತಿದ್ದ."

"ಅದಕ್ಕೇ ಅವರ ಬೆನ್ನು ಯಾವಾಗ್ಲೂ ನೀಲಿ" ಎಂದಳು ಟೈಲರ್‌ನ ಹೆಂಡತಿ, ತಾನು ನೋಡಿದ್ದವಳಂತೆ. ಟೈಲರ್ ಅವಳ ಕಡೆ ತಿರುಗಿ ನೋಡಿದ.

"ಅತ್ತಿಗೆ ಹೇಳ್ತಿದ್ರು!" ಎಂದಳು ಅವಳು ಅವಸರದಲ್ಲಿ.

ಅತ್ತಿಗೆ ಎಂದದ್ದು ಮೇಸ್ತ್ರಿಯ ಹೆಂಡತಿಗೆ. ಅವಳು ಆಗತಾನೆ ಒಳಗಿನಿಂದ ಬಂದು ಗಂಡನ ತಲೆಯ ಬಳಿ ಚಾಪೆಯ ಮೇಲೆ ಕೂತಳು. ಅವಳ ತುಟಿ ತುಸು ಅಲುಗಿತು. ನಗುವೋ ಅಲ್ಲವೋ ಹೇಳುವುದು ಕಷ್ಟ.

*

ಅವಳು ಅದೇ ಸ್ಟುಡಿಯೋದಲ್ಲಿ ಕೋರಸ್ ಹಾಡುತ್ತಿದ್ದಳು. ಆರು ಹುಡುಗಿಯರು ಒಂದೇ ಮೈಕಿನ ಮುಂದೆ ನಿಂತು ಲಾಲಾಲಾ ಎನ್ನುವ ಕೆಲಸ. ಒಂದು ದಿನ ಮೈತುಂಬ ಮರದ ಹೊಟ್ಟು ಮೆತ್ತಿಕೊಂಡ ಒಬ್ಬ ಬಡಗಿ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದ. ವಿರಾಮದಲ್ಲಿ ಹತ್ತಿರ ಬಂದ.

"ಪಲ್ಲವಿ ಮುಗಿದ್ಮೇಲೆ ಎಷ್ಟನೇ ತಟ್ಟಿಗೆ ನೀವು 'ಅಯ್ಯಯ್ಯೋ' ಅನ್ನೋದು?"

"ನಾಲ್ಕನೇದಕ್ಕೆ. ಯಾಕೆ?"

"ನನ್ನ ಕುರ್ಚಿ ಆಗ ಮುರೀಬೇಕು. ಮೂರಕ್ಕೆ ಮುರಿದ್ರೆ ಜನಕ್ಕೆ ಅಯ್ಯೋ ಪಾಪ ಅನ್ಸತ್ತೆ. ಐದಕ್ಕೆ ಮುರಿದ್ರೆ ಆಕಳಿಕೆ ಬರತ್ತೆ. ನಾಲ್ಕಕ್ಕೇ ಮುರಿದ್ರೆ ನಗ್ತಾರೆ. ಸ್ವಲ್ಪ ಬಂದು ತಾಳ ತಟ್ಟಿ ತೋರಿಸ್ತೀರಾ?"

ಇದು ಹೆಣ್ಣನ್ನು ಮಾತಾಡಿಸುವ ಹೊಸ ಉಪಾಯವಿರಬೇಕು ಎಂದುಕೊಂಡೇ ಅವಳು ಹೋದಳು. ಉಪಾಯವಾಗಿರಲಿಲ್ಲ. ಅವಳು ಚಪ್ಪಾಳೆ ತಟ್ಟುತ್ತ ಹಾಡಿದಳು, ಅವನು ಕೂತು ಬಿದ್ದ. ಎದ್ದು ಇನ್ನೊಂದು ಕುರ್ಚಿ ತಂದು ಕೂತು ಬಿದ್ದ. ಬೀಳುವಾಗಲೂ ಅವನ ಮುಖ ಲೆಕ್ಕದ ಮೇಷ್ಟರಷ್ಟು ಗಂಭೀರವಾಗಿತ್ತು. ನಾಲ್ಕನೆಯ ಸಲ ಸರಿಯಾಗಿ ನಾಲ್ಕನೆಯ ತಟ್ಟಿಗೆ ಬಿದ್ದಾಗ ಅವಳಿಗೆ ತಡೆಯಲಾಗದೆ, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನು ನೆಲದ ಮೇಲೆ ಬಿದ್ದಲ್ಲಿಂದಲೇ ಅವಳನ್ನು ನೋಡಿದ. "ನಾಳೇನೂ ಬರ್ತೀರಾ?" ಎಂದ. ಮಾರನೆಯ ದಿನ ಯಾವ ಹಾಡೂ ಇರಲಿಲ್ಲ.

*

"ಆದ್ರೆ ಅಷ್ಟು ದೊಡ್ಡ ಕೆಲಸಗಾರ ಒಂದ್ಸಲ ಎಡವಿದ್ನಲ್ಲ" ಎಂದ ಅಂಚೆಯವನು. "ಪೀಪಾಯಿ ಬೀಳ್ದೇ ಇದ್ದ ಹಾಡು. ನಮ್ಮ ಮನೇಲಿ ಇವತ್ತಿಗೂ ಹಾಕ್ಕೊಂಡು ನೋಡ್ತೀವಿ. ಮೊಮ್ಮಕ್ಕಳಿಗೆ ಭಾಷೆ ಅರ್ಥ ಆಗೋಕೆ ಮುಂಚೆ ಆ ಹಾಡಿಗೆ ನಗು ಬಂತು."

ಆ ಹಾಡನ್ನು ನೋಡದವನು ಆ ಕೋಣೆಯಲ್ಲಿ ಒಬ್ಬನೇ ಇದ್ದ, ಗೋಡೆಗೆ ಕೈ ಕೊಟ್ಟು ನಿಂತಿದ್ದ ಅಣ್ಣ. ತಮ್ಮನ ಕುರ್ಚಿ ಮುರಿಯುವುದನ್ನು ನೋಡಲಾರೆನೆಂದು ಅವನು ಸಿನಿಮಾಕ್ಕೇ ಹೋದವನಲ್ಲ.

ಪೀಪಾಯಿ ಎಂದರೆ ಆ ಕಾಲದ ಹಾಸ್ಯನಟ. ಹೆಸರಿಗೆ ತಕ್ಕ ಮೈ. ಬೀಳುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಆ ಚಿತ್ರದಲ್ಲಿ ಅವನು ಬಡ ಸಂಸಾರವೊಂದನ್ನು ಮನೆ ಖಾಲಿ ಮಾಡಿಸಲು ಬರುವ ಜಂಬದ ಮಾಲೀಕ. ಮನೆಯವರು ಅವನನ್ನು ಹಾಡಿ ಕುಣಿಸಿ ಕೆಂಪು ಕುರ್ಚಿಯಲ್ಲಿ ಕೂರಿಸುತ್ತಾರೆ. ಕುರ್ಚಿ ಮುರಿಯಬೇಕು, ಕೋರಸ್ಸು "ಬಿದ್ದ ಬಿದ್ದ ಬಿದ್ದನಪ್ಪೋ, ಎದ್ದರೆ ಮತ್ತೆ ಬೀಳ್ತಾನಪ್ಪೋ" ಎಂದು ಹಾಡಬೇಕು. ಹಾಡು ಮೊದಲೇ ರೆಕಾರ್ಡ್ ಆಗಿತ್ತು. ಕೋರಸ್ಸಿನಲ್ಲಿ ಮೇಸ್ತ್ರಿಯ ಹೆಂಡತಿಯ ದನಿಯೂ ಇತ್ತು.

ಪೀಪಾಯಿ ಕೂತ, ಎಡಕ್ಕೆ ವಾಲಿದ. ಕುರ್ಚಿ ಮುರಿಯಲಿಲ್ಲ. ಸ್ಪೀಕರಿನಲ್ಲಿ ಆರು ಹುಡುಗಿಯರು ಬಿದ್ದ ಬಿದ್ದ ಎಂದು ಹಾಡತೊಡಗಿದರು. ಪೀಪಾಯಿ ಯಾರು ಬಿದ್ದರೆಂದು ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಸೂರು ನೋಡಿದ, ಕುರ್ಚಿಯ ಕೆಳಗೆ ಬಗ್ಗಿ ನೋಡಿದ. ತಾನೇ ಬಿದ್ದಿರಬಹುದೇ ಎಂದು ಮೈ ಮುಟ್ಟಿ ನೋಡಿಕೊಂಡ. ಹುಡುಗಿಯರು ಅವನು ಬಿದ್ದನೆಂದು ಹಟ ಹಿಡಿದು ಹಾಡುತ್ತಲೇ ಇದ್ದರು. ಕಡೆಗೆ ಅವನು ಎದ್ದು, ಟೋಪಿ ತೆಗೆದು ಕುರ್ಚಿಗೆ ನಮಸ್ಕರಿಸಿ, ತುದಿಗಾಲಲ್ಲಿ ಹೊರಟುಹೋದ. ಕ್ಯಾಮೆರಾ ನಿಂತಿರಲಿಲ್ಲ. ಆ ಚಿತ್ರದಲ್ಲಿ ಜನರಿಗೆ ಇವತ್ತಿಗೂ ನೆನಪಿರುವುದು ಅದೊಂದೇ.

"ನಿರ್ದೇಶಕ ಅವತ್ತು ಎಲ್ಲರ ಮುಂದೆ ಬೈದ" ಎಂದ ಲೈಟಿನವನು. "'ಗಟ್ಟಿ ಕುರ್ಚಿ ಮಾಡೋಕೆ ಸಾವಿರ ಜನ ಇದ್ದಾರೆ, ನಿನ್ನನ್ಯಾಕೆ ಇಟ್ಕೊಂಡಿದ್ದೀನಿ?' ಅಂತ. ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದ. 'ತಪ್ಪಾಯ್ತು ಸ್ವಾಮಿ, ಎರಡು ಕುರ್ಚಿ ಮಾಡಿದ್ದೆ, ಮುರಿಯೋದು ಮನೇಲೇ ಉಳೀತು' ಅಂದ. ಅಷ್ಟೇ. ಮಾರನೇ ದಿನದಿಂದ ಅವನಿಗೆ ಸೆಟ್ಟಿನ ಬಾಗಿಲು ಕಿಟಕಿ ಕೆಲಸ. ಮುರಿಯೋ ಕುರ್ಚಿ ಮತ್ತೆ ಯಾರೂ ಕೇಳ್ಲಿಲ್ಲ."

ಮಾತಿಗೆ ಕಿವಿಗೊಡದೆ ತಮ್ಮನ ಮುಖವನ್ನೇ ನೋಡುತ್ತಿದ್ದ ಅಣ್ಣನ ಹೊರತು ಎಲ್ಲರೂ ಮೂಲೆಯಲ್ಲಿ ಹುರಿ ಕಟ್ಟಿಕೊಂಡು ನಿಂತಿದ್ದ ಕೆಂಪು ಕುರ್ಚಿಯನ್ನು ನೋಡಿದರು. ಮನೆಯಲ್ಲಿ ಉಳಿದುಹೋದ ಮುರಿಯುವ ಕುರ್ಚಿ ಅದೇ. ಮನುಷ್ಯನನ್ನು ಮೇಲಿನಿಂದ ಕೆಳಕ್ಕಿಳಿಸಿದ ತಪ್ಪನ್ನು ಅವನು ದಿನಾ ಕಣ್ಣಮುಂದೆಯೇ ಇಟ್ಟುಕೊಂಡಿದ್ದನಲ್ಲ ಎಂದು ಟೈಲರ್‌ಗೆ ನಿಜವಾಗಿ ದುಃಖವಾಯಿತು. ಈ ಸಲ ಅವನು ಮುಖವನ್ನು ಹದಕ್ಕೆ ತಂದುಕೊಳ್ಳಬೇಕಾಗಲಿಲ್ಲ.

ಬಾಗಿಲಲ್ಲಿ ಗಾಡಿಯ ಡ್ರೈವರ್ ಬಂದು ನಿಂತ. "ಬಂದಿದ್ದೀನಿ. ಹನ್ನೊಂದಕ್ಕೆ ಹೊರಡೋಣ" ಎಂದ ಸಣ್ಣ ದನಿಯಲ್ಲಿ. ಹದಿನೈದು ನಿಮಿಷ ಉಳಿದಿತ್ತು.

ಮೇಸ್ತ್ರಿಯ ಹೆಂಡತಿ ಎದ್ದು ಭಾವನ ಮುಂದೆ ಹೋಗಿ ನಿಂತಳು.

"ಭಾವ, ಕೂತ್ಕೊಳ್ಳಿ."

"ಇರ್ಲಿ ಬಿಡಮ್ಮ. ಅಭ್ಯಾಸ ಆಗಿದೆ."

"ನಿಮಗೆ ಆಗಿದೆ. ಅವರಿಗೆ ಆಗ್ಲಿಲ್ಲ." ಅವಳ ದನಿ ಏರಲಿಲ್ಲ. "ನೀವು ಹೋದ್ಮೇಲೆ ಪ್ರತಿ ಸಲ ನೀವು ನಿಂತಿದ್ದ ಜಾಗ ನೋಡ್ತಾ ಕೂರ್ತಿದ್ರು. ಇನ್ನು ಹದಿನೈದು ನಿಮಿಷ ಅವರು ಈ ಮನೇಲಿರ್ತಾರೆ. ಆಮೇಲೆ ನೀವು ಕೂತ್ರೂ ಒಂದೇ, ನಿಂತ್ರೂ ಒಂದೇ."

ಅಣ್ಣ ಗೋಡೆಯಿಂದ ಕೈ ತೆಗೆದ. ಕೂತಿದ್ದ ಐವರೂ ಒಟ್ಟಿಗೆ ಎದ್ದು ನನ್ನದು ತಗೊಳ್ಳಿ, ಇಲ್ಲಿ ಬನ್ನಿ ಎಂದು ಗದ್ದಲವೆಬ್ಬಿಸಿದರು. ಅವನು ಅವರನ್ನೆಲ್ಲ ನೋಡಿದ. ಒಬ್ಬರನ್ನು ಎಬ್ಬಿಸಿ ತಾನು ಕೂರುವ ಜಾಯಮಾನ ಅವನದಾಗಿರಲಿಲ್ಲ. ಮೂಲೆಯಲ್ಲಿ ಒಂದು ಖಾಲಿ ಕುರ್ಚಿ ಕಂಡಿತು. ಈ ಮನೆಯಲ್ಲಿ ಕೂರಲು ಯೋಚಿಸಿಯೇ ಇಲ್ಲದವನಿಗೆ, ಎಲ್ಲಿ ಕೂರಬಾರದು ಎಂದು ಯಾರೂ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಅವನು ನಡೆದು ಹೋಗಿ, ಹುರಿಯ ಗಂಟನ್ನು ಬಡಗಿಯ ಬೆರಳಿನಿಂದ ಒಂದೇ ಎಳೆತಕ್ಕೆ ಬಿಚ್ಚಿದ.

ಮಗಳ ಕೈಯಲ್ಲಿ ಚಹಾದ ತಟ್ಟೆಯಿತ್ತು. "ದೊಡ್ಡಪ್ಪಾ, ಅದಲ್ಲ! ಅದು ಬೀಳಿಸೋ..."

ಅವನು ಆಗಲೇ ಬಗ್ಗಿದ್ದ. ಎಂಬತ್ತೊಂದರ ಮಂಡಿ ಅರ್ಧದಲ್ಲಿ ನಿಲ್ಲುವುದಿಲ್ಲ. ಅಂಚೆಯವನು ಎರಡೂ ಕೈ ಚಾಚಿ ನುಗ್ಗಿದ, ಟೈಲರ್ ಚೆಂಡು ಹಿಡಿಯುವವನಂತೆ ಮಂಡಿಯೂರಿದ, ಟೈಲರ್‌ನ ಹೆಂಡತಿ ತಲೆದಿಂಬೊಂದನ್ನು ಎಸೆದಳು, ಅದು ಲೈಟಿನವನಿಗೆ ತಾಗಿತು. ಮುದುಕ ದೊಪ್ಪನೆ ಕೂತ.

ಕುರ್ಚಿ ಕಿರ್ ಎಂದೂ ಅನ್ನಲಿಲ್ಲ.

ಎಲ್ಲರೂ ಇದ್ದ ಇದ್ದ ಹಾಗೆ ನಿಂತರು. ಅಣ್ಣ ಬಲಕ್ಕೆ ನೋಡಿದ, ಅಂಚೆಯವನ ಚಾಚಿದ ಕೈಗಳು. ಎಡಕ್ಕೆ ನೋಡಿದ, ಮಂಡಿಯೂರಿದ ಟೈಲರ್. ಏನಾಯಿತೆಂದು ತಿಳಿಯದೆ ಬಗ್ಗಿ ಕುರ್ಚಿಯ ಕೆಳಗೆ ನೋಡಿದ. ಆ ನಿಶ್ಶಬ್ದದಲ್ಲಿ, ತಮ್ಮನ ಕಾಲ ಬಳಿಯಿಂದ, ಒಡೆದ ಹಳೆಯ ದನಿಯೊಂದು ತಾಳ ತಪ್ಪದೆ ಬಂತು.

"ಬಿದ್ದ ಬಿದ್ದ ಬಿದ್ದನಪ್ಪೋ..."

ಹಾಡಿದವಳೇ ಗಾಬರಿಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೆ ತಡವಾಗಿತ್ತು. ಮೊದಲು ಅಂಚೆಯವನ ಮೂಗಿನಿಂದ ಒಂದು ಸದ್ದು ಹೊರಟಿತು, ಆಮೇಲೆ ಟೈಲರ್ ಮಂಡಿಯ ಮೇಲೇ ಕುಸಿದ, ಆಮೇಲೆ ಯಾರಿಂದಲೂ ಆಗಲಿಲ್ಲ. ಹೆಣದ ಮುಂದೆ ನಗುವುದು ಎಷ್ಟು ತಪ್ಪೆಂದು ಗೊತ್ತಿದ್ದಷ್ಟೂ ನಗು ಉಕ್ಕಿ ಬಂತು. ಮೇಸ್ತ್ರಿಯ ಹೆಂಡತಿ ಗೋಡೆ ಹಿಡಿದುಕೊಂಡು, ಅಂದು ಅವನ ಕೆಲಸದ ಕೋಣೆಯಲ್ಲಿ ನಕ್ಕಂತೆಯೇ ನಕ್ಕಳು, ನಗುತ್ತ ನಗುತ್ತ ಬೆಳಗಿನಿಂದ ಬಾರದಿದ್ದ ಅಳು ಬಂತು. ಮಗಳು ತಟ್ಟೆ ಕೆಳಗಿಟ್ಟು ಅವಳನ್ನು ತಬ್ಬಿಕೊಂಡಳು.

"ಏನ್ರೀ ಇದು? ಹುಚ್ಚು ಹಿಡಿದಿದ್ಯಾ ಎಲ್ಲರಿಗೂ?" ಎಂದ ಅಣ್ಣ.

"ದೊಡ್ಡಪ್ಪ, ಅದು ಮುರಿಯೋ ಕುರ್ಚಿ. ಮುರಿಯಬೇಕಿತ್ತು" ಎಂದಳು ಮಗಳು.

"ಯಾವ ದಡ್ಡ ಹೇಳಿದ್ದು?"

ಅವನು ಎದ್ದ. ಕುರ್ಚಿಯನ್ನು ತಲೆಕೆಳಗು ಮಾಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅದರ ಹಿಂಬದಿಯಿಂದ ನಾಲ್ಕೂ ಕಾಲುಗಳ ಬುಡವನ್ನು ಕುಟ್ಟಿದ. ಬಗ್ಗಿ ಕಿವಿಗೊಟ್ಟು ಮತ್ತೆ ಕುಟ್ಟಿದ. ಒಂದು ಕಾಲನ್ನು ಹಿಡಿದು, ಇದ್ದ ಶಕ್ತಿಯೆಲ್ಲ ಹಾಕಿ ತಿರುಚಿದ. ಆಮೇಲೆ ಬಹಳ ಹೊತ್ತು ಕಾಲಿನ ಬುಡದ ಮೇಲೆ ಹೆಬ್ಬೆರಳಾಡಿಸುತ್ತ ನಿಂತ.

"ಆಣಿ ಇಲ್ಲ. ಅಂಟು ಒಸರಿದ ಗುರುತಿಲ್ಲ. ಆದ್ರೂ ಕೂದಲೆಳೆಯಷ್ಟು ಅಲ್ಲಾಡಲ್ಲ" ಎಂದ. "ಇದು ನಮ್ಮಪ್ಪನ ಒಳಬೆಣೆ. ನಾಲ್ಕೂ ಕಾಲಿಗೆ."

"ಅಂದ್ರೆ ಇದು ಗಟ್ಟಿ ಕುರ್ಚಿನಾ? ಮುರಿಯೋದು ಬೇರೆ ಎಲ್ಲೋ ಇದ್ಯಾ?" ಎಂದ ಅಂಚೆಯವನು.

ಲೈಟಿನವನು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದಿದ್ದ. ಕುರ್ಚಿಯ ಎಡಗೈಯ ತುದಿಯಲ್ಲಿ ಕಾಸಿನಗಲದ ಕಪ್ಪು ಕಲೆಯಿತ್ತು. ಸುಟ್ಟ ಗುರುತಿನ ಬೆರಳಿನಿಂದ ಅದನ್ನು ಮುಟ್ಟಿದ.

"ಇದು ನಾನು ಸುಟ್ಟಿದ್ದು. ಅವತ್ತು, ಆ ಹಾಡಿಗೆ ಲೈಟು ಹತ್ತಿರ ಇಟ್ಟಿದ್ದೆ, ಬಣ್ಣ ಸುಟ್ಟು ವಾಸನೆ ಬಂತು. ಎಲ್ಲರೂ ಬೈದ್ರು ನಂಗೆ." ಅವನು ತಲೆಯೆತ್ತಿದ. "ಬೇರೆ ಕುರ್ಚಿ ಇಲ್ಲ. ಪೀಪಾಯಿ ಕೂತಿದ್ದು ಇದರ ಮೇಲೇ. ಇದನ್ನೇ ಆಮೇಲೆ ಮನೆಗೆ ತಂದಿದ್ದಾನೆ. ಮನೇಲಿ ಯಾವುದೂ ಉಳಿದಿರ್ಲಿಲ್ಲ."

"ಮರೆತು ಮಾಡಿರಬೇಕು" ಎಂದ ಟೈಲರ್.

"ಒಳಬೆಣೆ ಮರೆತು ಮಾಡೋ ಕೆಲಸ ಅಲ್ಲ. ಒಂದೊಂದು ಕಾಲಿಗೆ ಅರ್ಧ ದಿನ ಬೇಕು" ಎಂದ ಅಣ್ಣ. "ಬೇಕು ಅಂತ್ಲೇ ಮಾಡಿದಾನೆ. ಯಾಕೆ?"

ಯಾಕೆ ಎಂಬುದು ಮಗಳಿಗೆ ಹೊಳೆಯತೊಡಗಿತ್ತು. ಅವಳಿಗಾಗ ಏಳು ವರ್ಷ. ಪೀಪಾಯಿ ಮನೆಗೆ ಬಂದಾಗಲೆಲ್ಲ ಇದೇ ಕೋಣೆಯ ನೆಲದ ಮೇಲೆ ಅಂಗಾತ ಮಲಗಿಕೊಂಡೇ ಮಾತಾಡುತ್ತಿದ್ದ. ಏಳುವಾಗ ಮಗ್ಗುಲಾಗಿ, ಗೋಡೆ ಹಿಡಿದು, ಒಂದೊಂದೇ ಮಂಡಿ ಎಳೆದುಕೊಂಡು ಏಳುತ್ತಿದ್ದ. ಅದೂ ತಮಾಷೆಯೇ ಎಂದುಕೊಂಡು ಅವಳು ಕೇಕೆ ಹಾಕಿ ನಗುತ್ತಿದ್ದಳು. ಅಪ್ಪ ಮಾತ್ರ ನಗದೆ ನೋಡುತ್ತಿದ್ದ. ಇವತ್ತು ಅವಳ ವಾರ್ಡಿನಲ್ಲಿ ದಿನಕ್ಕೆ ಹತ್ತು ಜನ ಹಾಗೆ ಏಳುತ್ತಾರೆ.

"ಪೀಪಾಯಿ ಮಾಮನ ಬೆನ್ನು ಹೋಗಿತ್ತು, ಅಲ್ವಾ?" ಎಂದು ಲೈಟಿನವನನ್ನು ಕೇಳಿದಳು.

"ನಾನೊಬ್ನೇ ನೋಡಿದ್ದೆ ಅಂದ್ಕೊಂಡಿದ್ದೆ" ಎಂದ. "ಅವತ್ತು ಬೆಳಿಗ್ಗೆ ಕೋಟಿನ ಒಳಗೆ ಡಾಕ್ಟರು ಕೊಟ್ಟ ಚರ್ಮದ ಪಟ್ಟಿ ಬಿಗೀತಿದ್ದ. 'ಇನ್ನೊಂದ್ಸಲ ಬಿದ್ರೆ ನಡಿಯಲ್ಲ ಅಂದಿದ್ದಾರೆ. ಯಾರಿಗೂ ಹೇಳ್ಬೇಡ, ಬೀಳಲಾರದ ಪೀಪಾಯಿಗೆ ಯಾರು ಕೆಲಸ ಕೊಡ್ತಾರೆ' ಅಂತ ಆಣೆ ಹಾಕಿಸ್ಕೊಂಡ. ಆ ಹಾಡಲ್ಲಿ ಕೂರೋಕೆ ಮುಂಚೆ ಕಣ್ಣು ಮುಚ್ಕೋತಾನೆ ನೋಡಿ. ಜನ ಅದಕ್ಕೂ ನಗ್ತಾರೆ. ಅದು ನಟನೆ ಅಲ್ಲ. ಹೆದರಿಕೆ. ಆಮೇಲೆ ಒಂದು ಕಣ್ಣು ತೆಗೀತಾನಲ್ಲ, ಆಗ ಅವನಿಗೆ ಗೊತ್ತಾಗಿದ್ದು, ಯಾರೋ ತನ್ನ ಕಾಪಾಡಿದ್ದಾರೆ ಅಂತ. ಟೋಪಿ ತೆಗೆದಿದ್ದು ಕುರ್ಚಿಗಲ್ಲ."

ಆ ಚಿತ್ರವಾದ ಮೇಲೆ ಪೀಪಾಯಿ ಇನ್ನೂ ಹನ್ನೊಂದು ವರ್ಷ ನಟಿಸಿದ. ಬೀಳದ ಪೀಪಾಯಿಯೇ ಬೇಕೆಂದು ಎಲ್ಲರೂ ಕೇಳಿದರು. ಮೇಸ್ತ್ರಿ ಬಾಗಿಲು ಕಿಟಕಿ ಮಾಡಿದ.

"ನಂಗೂ ಹೇಳ್ಲಿಲ್ಲ" ಎಂದಳು ಹೆಂಡತಿ, ಗಂಡನ ಮುಖ ನೋಡುತ್ತ. ಅವಳಿಗೆ ಕೋಪವೂ ಬಂದಿತ್ತು. "ಮೂವತ್ತೆಂಟು ವರ್ಷ ಈ ಕುರ್ಚಿ ಸುತ್ತ ಕಸ ಗುಡಿಸಿದೀನಿ. ಒಂದ್ಸಲ ಕೂರೋಕೆ ಬಿಡ್ಲಿಲ್ಲ ಪುಣ್ಯಾತ್ಮ."

"ಕೂತಿದ್ರೆ ಗೊತ್ತಾಗ್ತಿತ್ತಲ್ಲ" ಎಂದಳು ಮಗಳು.

ಅಣ್ಣ ಕುರ್ಚಿಯನ್ನು ಮತ್ತೆ ನೇರ ಮಾಡಿ ಹಿಡಿದುಕೊಂಡು ನಿಂತಿದ್ದ. ಕೈ ಕೆಡುತ್ತದೆ ಎಂದಿದ್ದ ತಾನು. ಹದಿನಾರು ವರ್ಷ ಮುರಿಯುವುದನ್ನೇ ಮಾಡಿದ ಕೈ, ಬೇಕಾದ ದಿನ ಅಪ್ಪನ ಬೆಣೆಯನ್ನು ಹೀಗೆ ಬಡಿದಿತ್ತು. ತನ್ನ ಕೈಯಿಂದಲೂ ಇಷ್ಟು ಸೊಗಸಾಗಿ ಆಗುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಾಯಿತು. ಆ ಕೆಲಸ ಮೂವತ್ತೆಂಟು ವರ್ಷ ತಾನು ನಿಲ್ಲುತ್ತಿದ್ದ ಜಾಗದಿಂದ ಐದು ಹೆಜ್ಜೆ ಆಚೆಗಿತ್ತು.

"ಯಜಮಾನ್ರೇ, ಹನ್ನೊಂದಾಯ್ತು" ಎಂದ ಡ್ರೈವರ್ ಬಾಗಿಲಿನಿಂದ.

"ಒಂದು ನಿಮಿಷ ಇರಪ್ಪ" ಎಂದ ಅಣ್ಣ. "ಪರೀಕ್ಷೆ ಇನ್ನೂ ಮುಗಿದಿಲ್ಲ."

ಅವನು ಕುರ್ಚಿಯನ್ನು ಎತ್ತಿ ತಂದು ತಮ್ಮನ ತಲೆಯ ಪಕ್ಕದಲ್ಲಿ ಇಟ್ಟ. ಒತ್ತಿ ನೋಡಲಿಲ್ಲ. ಕೂತ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಮೇಸ್ತ್ರಿಯ ಹೆಂಡತಿ ಮತ್ತೆ ಚಾಪೆಯ ಮೇಲೆ ಕೂತು ಗಂಡನ ತಣ್ಣನೆಯ ಅಂಗೈಯನ್ನು ಹಿಡಿದು, ಅದರ ಮೇಲೆ ಬೆರಳಿನಿಂದ ಮೆಲ್ಲಗೆ ತಾಳ ತಟ್ಟತೊಡಗಿದಳು. ಒಂದು, ಎರಡು, ಮೂರು.

ನಾಲ್ಕನೆಯ ತಟ್ಟಿಗೆ ಮುದುಕ ಎರಡೂ ಪಾದಗಳನ್ನು ನೆಲದಿಂದ ಮೇಲೆತ್ತಿದ.